ಅಚ್ಚಿನ ಕಾರ್ಡಿಗೆ ಒಂಬತ್ತು ಸೂಚನೆಗಳು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಗ್ರಂಥಪಾಲಕಿಯವರೇ, ಬುಧವಾರದ ಕಾರ್ಡು ಗುಂಪಿನ ಕಾರ್ಯದರ್ಶಿಗಳೂ ನಮ್ಮೆಲ್ಲರ ಪ್ರೀತಿಯ ಅಂಟು ಅಕ್ಕನೂ ಆದವರೇ, ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಈಗಲೇ ಗಡಿಯಾರ ನೋಡುತ್ತಿರುವ ಸಭಿಕರೇ, ಹಾಗೂ ಎರಡನೇ ಸಾಲಿನ ಅಂಚಿನ ಕುರ್ಚಿಯಲ್ಲಿ ಕೈ ಕಟ್ಟಿಕೊಂಡು ಕುಳಿತಿರುವ ನನ್ನ ಮನೆಯವರೇ,

ಎಲ್ಲರಿಗೂ ವಂದನೆಗಳು. ಮೂವತ್ತೆಂಟು ವರ್ಷದ ದಾಂಪತ್ಯದಲ್ಲಿ ಹೆಂಡತಿಯನ್ನು ಬಹುವಚನದಲ್ಲಿ ಕರೆದದ್ದು ಇದೇ ಮೊದಲು. ಸಭೆಯ ಗೌರವ ಕಾಯಬೇಕಲ್ಲ. ಇನ್ನು ಮುಂದೆ ನಾಲಿಗೆ ಹಳೇ ದಾರಿಗೆ ಇಳಿದರೆ ತಾವು ಮನ್ನಿಸಬೇಕು.

ಇದು ಅವಳ ಬೀಳ್ಕೊಡುಗೆಯ ಸಭೆ. ಹನ್ನೊಂದು ವರ್ಷದ ಹಿಂದೆ ಈ ವಾಚನಾಲಯದ ಹಿಂದಿನ ಕೋಣೆಯಲ್ಲಿ, ಹರಿದ ಪುಸ್ತಕಗಳ ಕಪಾಟಿನ ಪಕ್ಕ, ಒಂದು ಮೇಜು ಮತ್ತು ನಾಲ್ಕು ರಬ್ಬರ್ ಅಚ್ಚು ಇಟ್ಟುಕೊಂಡು ಈ ಗುಂಪನ್ನು ಶುರು ಮಾಡಿದವಳು ಅವಳು. ಪ್ರತಿಯೊಬ್ಬ ಓದುಗರ ಹುಟ್ಟಿದ ದಿನಕ್ಕೆ ಕೈಯಲ್ಲೇ ಅಚ್ಚೊತ್ತಿದ ಒಂದು ಕಾರ್ಡು ಅಂಚೆಯಲ್ಲಿ ಹೋಗಬೇಕು ಎಂದು ಹಟ ಹಿಡಿದವಳೂ ಅವಳೇ. ಈಗ "ಇನ್ನು ಸಾಕು" ಎಂದಿದ್ದಾಳೆ. ಕಾರಣ ತಮಗೆಲ್ಲ ಗೊತ್ತು ಎಂದುಕೊಂಡಿದ್ದೀರಿ. ನಾನೂ ಇವತ್ತು ಬೆಳಗಿನವರೆಗೆ ಹಾಗೇ ಅಂದುಕೊಂಡಿದ್ದೆ.

ಅವಳು ಮಾತನಾಡಬೇಕಾದ ಜಾಗದಲ್ಲಿ ನಾನೇಕೆ ನಿಂತಿದ್ದೇನೆ? ಅಂಟು ಅಕ್ಕ ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ಮೈಕು ಹಿಡ್ಕೊಂಡು ಭಾಷಣ ಮಾಡೋದು ನನ್ನ ಕೈಲಾಗಲ್ಲ ಕಣೇ. ಬರಕೊಡ್ತೀನಿ, ಇವರು ಓದಲಿ. ಇವರಿಗೆ ದೊಡ್ಡ ದನಿ ಇದೆ, ಬೇರೆ ಕೆಲಸ ಇಲ್ಲ." ಹಾಗೆ ಬರೆದುಕೊಟ್ಟ ಹಾಳೆ ಇದು. ಹೊಸದಾಗಿ ಸೇರುವವರಿಗೆ ಒಂಬತ್ತು ಸೂಚನೆಗಳು. ಮೂರು ದಿನ ಕೂತು ಬರೆದಳು. ನಾನು ಬರೆದುಕೊಡುತ್ತೇನೆ ಎಂದರೂ ಕೊಡಲಿಲ್ಲ. "ಇದನ್ನ ನಾನೇ ಬರೀಬೇಕು. ನಾನು ಬರೆದಿದ್ದಷ್ಟೇ ನೀವು ಓದಿ, ಮಧ್ಯೆ ನಿಮ್ಮ ಪುರಾಣ ತೂರಿಸಬೇಡಿ" ಎಂದಳು. ಪುರಾಣ ಆಗಲೇ ಶುರುವಾಗಿದೆ, ಅವಳ ಮುಖ ನನಗೆ ಇಲ್ಲಿಂದ ಕಾಣುತ್ತಿದೆ.

ಮೊದಲನೆಯ ಸೂಚನೆ. "ಕಾರ್ಡಿನಲ್ಲಿ ಮೂರರಲ್ಲಿ ಎರಡು ಪಾಲು ಖಾಲಿ ಬಿಡಿ. ಖಾಲಿ ಜಾಗ ಕಂಡರೆ ಕೈ ಕಡಿಯುತ್ತದೆ, ತಡೆದುಕೊಳ್ಳಿ."

ಸಭಿಕರೇ, ಈ ಸೂಚನೆ ಹುಟ್ಟಿದ್ದು ನನ್ನಿಂದ. ನಾನು ಮೂವತ್ತೊಂದು ವರ್ಷ ಒಂದು ದೊಡ್ಡ ಕಚೇರಿಯ ರವಾನೆ ವಿಭಾಗದಲ್ಲಿದ್ದೆ. ಹೊರಗೆ ಹೋಗುವ ಪ್ರತಿ ಕಾಗದಕ್ಕೂ ಮೊಹರು ಒತ್ತಿ, ಲಕೋಟೆಗೆ ಹಾಕಿ, ಕಳಿಸುವುದು ನನ್ನ ಕೆಲಸ. ದಿನಕ್ಕೆ ಇನ್ನೂರು ಮುನ್ನೂರು ಸಲ ಧಡ್, ಧಡ್. ಕಚೇರಿಯಲ್ಲಿ ನನ್ನನ್ನು ಧಡ್ ಸಾಹೇಬ ಎಂದೇ ಕರೆಯುತ್ತಿದ್ದರು. ನಿವೃತ್ತನಾದ ಮರುವಾರವೇ ಇವಳ ಮೇಜಿಗೆ ಹೋಗಿ ಕುಳಿತೆ. ಅಚ್ಚೊತ್ತುವುದನ್ನು ನನಗೆ ಕಲಿಸುವವರು ಯಾರು? ಒಂದು ಕಾರ್ಡಿನಲ್ಲಿ ಹದಿನಾಲ್ಕು ಹೂವು, ಎರಡು ಹಕ್ಕಿ, ಒಂದು ದೋಣಿ, ಮೂಲೆಯಲ್ಲಿ ಸೂರ್ಯ. ತಂದು ತೋರಿಸಿದೆ. ಕನ್ನಡಕ ಏರಿಸಿ ನೋಡಿ ಹೇಳಿದಳು, "ಏನ್ರೀ ಇದು, ಕೊನೇ ಬಸ್ಸಿನ ಥರ ತುಂಬಿಸಿದ್ದೀರಿ. ಹತ್ತು ಜನ ಇಳಿಸಿ."

ಎರಡನೆಯದು. "ಒಂದು ಅಚ್ಚು, ಒಂದು ಬಣ್ಣ. ಎರಡನೇ ಬಣ್ಣ ಬೇಕು ಅನ್ನಿಸಿದರೆ ಎದ್ದು ಹೋಗಿ ನೀರು ಕುಡಿದು ಬನ್ನಿ. ವಾಪಸು ಬಂದ ಮೇಲೂ ಬೇಕು ಅನ್ನಿಸಿದರೆ ಹಾಕಿ."

ಮೂರನೆಯದು. "ಹೂವನ್ನು ನಟ್ಟನಡುವೆ ಇಡಬೇಡಿ. ಸ್ವಲ್ಪ ಕೆಳಗೆ, ಸ್ವಲ್ಪ ಪಕ್ಕಕ್ಕೆ." ನಾನು ಯಾಕೆ ಎಂದು ಕೇಳಿದ್ದೆ. "ನಡುವೆ ನಿಂತರೆ ಗುರುತಿನ ಚೀಟಿಗೆ ಫೋಟೋ ತೆಗೆಸ್ಕೊಳ್ಳೋಕೆ ನಿಂತ ಹಾಗಿರುತ್ತೆ" ಎಂದಳು. ಅಂದಿನಿಂದ ನನ್ನ ಗುರುತಿನ ಚೀಟಿ ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ.

ನಾಲ್ಕನೆಯದು. "ಬಟ್ಟಲು, ಕುರ್ಚಿ, ಹಕ್ಕಿ ಯಾವುದೇ ಇರಲಿ, ಅದರ ಕೆಳಗೆ ಪೆನ್ಸಿಲಿನಿಂದ ತೆಳ್ಳಗೆ ಒಂದು ಗೆರೆ ಎಳೆಯಿರಿ. ಇಲ್ಲದಿದ್ದರೆ ಅದು ಗಾಳಿಯಲ್ಲಿ ತೇಲುತ್ತದೆ." ಎಷ್ಟು ಸಣ್ಣ ಮಾತು. ಆದರೆ ಆ ಗೆರೆ ಎಳೆದ ಕೂಡಲೇ ಬಟ್ಟಲು ಮೇಜಿನ ಮೇಲೆ ಕೂರುತ್ತದೆ. ನಾನು ನೂರು ಸಲ ನೋಡಿದ್ದೇನೆ, ನೂರು ಸಲವೂ ಖುಷಿಪಟ್ಟಿದ್ದೇನೆ.

ಐದನೆಯದು. "ಅಚ್ಚನ್ನು ಶಾಯಿಯ ಪ್ಯಾಡಿಗೆ ಅದುಮಬೇಡಿ. ಮೆಲ್ಲಗೆ ನಾಲ್ಕು ಸಲ ತಟ್ಟಿ. ಮೊದಲು ರದ್ದಿ ಕಾಗದದ ಮೇಲೆ ಒತ್ತಿ ನೋಡಿ. ಆಮೇಲೆ ಕಾರ್ಡಿನ ಮೇಲೆ ನೇರವಾಗಿ ಇಳಿಸಿ, ಅಲುಗಾಡಿಸದೆ ನೇರವಾಗಿ ಎತ್ತಿ."

ಅಲುಗಾಡಿಸದೆ. ಈ ಪದವನ್ನು ಬರೆಯುವಾಗ ಅವಳ ಅಕ್ಷರವೇ ಅಲುಗಾಡಿದೆ. ಹೋದ ವರ್ಷದಿಂದ ಅವಳ ಬಲಗೈ ನಡುಗುತ್ತಿದೆ. ವೈದ್ಯರು, "ಜೀವಕ್ಕೆ ಏನೂ ಭಯ ಇಲ್ಲಮ್ಮ. ಆದರೆ ಇದು ಹೋಗೋದೂ ಇಲ್ಲ, ಇದರ ಜೊತೆ ಹೊಂದ್ಕೊಂಡು ಹೋಗಬೇಕು" ಎಂದರು. ಅವಳು ಹೊಂದಿಕೊಂಡಳು. ಬಟ್ಟಲು ತುಂಬಾ ಚಹಾ ಹಾಕುವುದನ್ನು ಬಿಟ್ಟು ಅರ್ಧ ಹಾಕತೊಡಗಿದಳು. ಹುಕ್ಕಿನ ರವಿಕೆ ಬಿಟ್ಟು ಟಿಚ್ ಬಟನ್ನಿನದು ಹೊಲಿಸಿದಳು. ಹೊಂದಿಕೊಳ್ಳಲು ಆಗದೆ ಹೋದವನು ನಾನು.

ಆರನೆಯದು. "ಕಾರ್ಡಿನ ಮೇಲೆ ಮಾತು ಕಡಿಮೆ ಇರಲಿ. ಸಣ್ಣ ಅಕ್ಷರದ ಒಂದು ಸಾಲು ಸಾಕು. ಹೇಳಬೇಕಾದ್ದನ್ನು ಒಳಗೆ, ಅವರಿಗೆ ಮಾತ್ರ ಅಂತ, ನಿಮ್ಮ ಕೈಯಲ್ಲೇ ಬರೆಯಿರಿ." ಏಳನೆಯದು, ಅಚ್ಚನ್ನು ತೊಳೆದು ಒರೆಸಿ ಇಡುವುದರ ಬಗ್ಗೆ. ಉದ್ದ ಇದೆ, ಅಂಟು ಅಕ್ಕ ನಕಲು ಮಾಡಿ ಹಂಚುತ್ತಾರೆ.

ಎಂಟನೆಯದು. "ತಪ್ಪಾದರೆ ಎಸೆಯಬೇಡಿ. ಮಸಿ ಬಿದ್ದ ಕಡೆ ಚಿಕ್ಕ ಕಾಗದದ ತುಂಡು ಅಂಟಿಸಬಹುದು. ಅಂಟು ಕಡಿಮೆ ಇರಲಿ." ಈ ಅಂಟಿನ ಮಾತು ಯಾರಿಗೆ ಎಂದು ಎಲ್ಲರಿಗೂ ಗೊತ್ತಾಯಿತು. ಅಂಟು ಅಕ್ಕ ಕಳಿಸಿದ ಕಾರ್ಡನ್ನು ಮೂರು ವರ್ಷವಾದರೂ ಲಕೋಟೆಯಿಂದ ಬಿಡಿಸಲು ನಮಗೆ ಆಗಿಲ್ಲ. ಎಂಟನೆಯದರಲ್ಲಿ ಇನ್ನೂ ಒಂದು ಮಾತಿದೆ. "ಸೊಟ್ಟಗೆ ಬಂದರೆ ದೂರ ಇಟ್ಟು ನೋಡಿ. ಹತ್ತಿರದಿಂದ ಕಂಡಷ್ಟು ಸೊಟ್ಟ ಇರುವುದಿಲ್ಲ."

ಒಂಬತ್ತನೆಯದು. ಇದನ್ನು ಓದುತ್ತೇನೆ.

"ಒತ್ತಿದ ಮೇಲೆ ಕಾರ್ಡಿನ ಬೆನ್ನ ಮೇಲೆ ಬೆರಳಾಡಿಸಿ ನೋಡಿ. ಏನೂ ತಾಕಬಾರದು. ಉಬ್ಬು ತಾಕಿತು ಅಂದರೆ ಅದು ಕಾರ್ಡಲ್ಲ, ಕಚೇರಿ ಮೊಹರು."

ನೀವು ನಗುತ್ತಿದ್ದೀರಿ. ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಓದಿದಾಗ ನನಗೆ ನಗಲು ಆಗಲಿಲ್ಲ. ಹಾಳೆಯಲ್ಲಿ ಬರೆದದ್ದು ಇಲ್ಲಿಗೆ ಮುಗಿಯಿತು. ಬರೆದದ್ದಷ್ಟೇ ಓದಿ ಎಂದಿದ್ದಾಳೆ. ನಾನು ಈಗ ಕೆಳಗಿಳಿಯಬೇಕು. ಆದರೆ ಇಳಿಯುವುದಿಲ್ಲ, ಅಧ್ಯಕ್ಷರು ಇನ್ನೈದು ನಿಮಿಷ ಕೊಡಬೇಕು.

ನಮ್ಮ ಮನೆಯಲ್ಲಿ ಕಾರ್ಡು ಮಾಡುವವಳು ಅವಳು, ಅಂಚೆ ಡಬ್ಬಿಗೆ ಹಾಕುವವನು ನಾನು. ಅವಳು ಕಾರ್ಡನ್ನು ಲಕೋಟೆಗೆ ಸೇರಿಸಿ, ವಿಳಾಸ ಬರೆದು, ಬಾಯಿ ಅಂಟಿಸದೆ ನನ್ನ ಮೇಜಿನ ಮೇಲೆ ಇಡುತ್ತಾಳೆ. ಆರು ತಿಂಗಳ ಹಿಂದೆ ಒಂದು ಲಕೋಟೆಯಿಂದ ಕಾರ್ಡು ಜಾರಿ ಹೊರಬಂತು. ಹೂವು ಎರಡೆರಡಾಗಿ ಕಾಣುತ್ತಿತ್ತು. ಅದರ ಕೆಳಗಿನ ಗೆರೆ ಇರುವೆ ನಡೆದ ಹಾಗೆ ಹೋಗಿತ್ತು. ಇದನ್ನು ನೋಡಿ ಜನ ಏನಂದಾರು? ಪಾಪ ಎನ್ನುತ್ತಾರೆ. ನನ್ನ ಹೆಂಡತಿಯನ್ನು ಯಾರೂ ಪಾಪ ಎನ್ನಬಾರದು. ಅವಳು ಮಧ್ಯಾಹ್ನ ಮಲಗಿದ್ದಾಗ ಅವಳದೇ ಅಚ್ಚು, ಅವಳದೇ ಶಾಯಿ ತೆಗೆದುಕೊಂಡು, ಅಂಥದ್ದೇ ಇನ್ನೊಂದು ಕಾರ್ಡು ಒತ್ತಿದೆ. ಅಳತೆಪಟ್ಟಿ ಇಟ್ಟು ಗೆರೆ ಎಳೆದೆ. ಬದಲಾಯಿಸಿ ಕಳಿಸಿದೆ.

ಆಮೇಲೆ ಅದೇ ಅಭ್ಯಾಸವಾಯಿತು. ಮುಂದಿನ ನಾಲ್ಕು ತಿಂಗಳಲ್ಲಿ ಇಲ್ಲಿ ಕುಳಿತಿರುವ ನಿಮ್ಮಲ್ಲಿ ಅನೇಕರಿಗೆ ಬಂದ ಕಾರ್ಡು ಅವಳದಲ್ಲ, ನನ್ನದು. "ಈಚೆಗೆ ನಿಮ್ಮ ಕಾರ್ಡು ಏನು ಅಚ್ಚುಕಟ್ಟಾಗಿ ಬರ್ತಿದೆ, ಕೈ ವಾಸಿಯಾಯ್ತಾ?" ಎಂದು ಎದುರುಮನೆಯ ಟೈಲರಮ್ಮ ಅವಳನ್ನೇ ಕೇಳಿದರು. ಪಕ್ಕದಲ್ಲಿ ನಾನೂ ಇದ್ದೆ. ಅವಳು ತನ್ನ ಬಲಗೈ ನೋಡಿಕೊಂಡು, "ಹೂಂ, ಪರವಾಗಿಲ್ಲ" ಎಂದಳು. ನಾನು ಗೆದ್ದೆ ಎಂದುಕೊಂಡೆ.

ಒಳಗೆ ಅವಳು ಕೈಯಾರೆ ಬರೆದಿದ್ದ ಸಾಲುಗಳು ಏನಾದವು ಎಂದು ನೀವು ಕೇಳಬಹುದು. ಅಲ್ಲೇ ಇದೆ ನನ್ನ ಬುದ್ಧಿ. ರವಾನೆ ವಿಭಾಗಕ್ಕೆ ಸೇರಿದ ದಿನ ನಮ್ಮ ಹೆಡ್ ಗುಮಾಸ್ತರು ಹೇಳಿಕೊಟ್ಟಿದ್ದರು, "ನೋಡಪ್ಪ, ಇನ್ನೊಬ್ಬರ ಕಾಗದ ಓದೋನು ಇಲ್ಲಿ ಕೂರಬಾರದು." ನಾನು ಒಂದನ್ನೂ ಓದಲಿಲ್ಲ. ಕಾರ್ಡು ಬಿಡಿಸದೆ ಪಕ್ಕಕ್ಕಿಟ್ಟೆ. ನನ್ನ ಕಾರ್ಡಿನ ಒಳಗೆ "ಶುಭಾಶಯಗಳು" ಎಂಬ ಅಚ್ಚು ಒತ್ತಿದೆ. ಎಲ್ಲರಿಗೂ ಒಂದೇ ಶುಭಾಶಯಗಳು. ಕಚೇರಿಯ ಸುತ್ತೋಲೆಯ ಹಾಗೆ.

ಎರಡು ತಿಂಗಳ ಹಿಂದಿನ ಕಟ್ಟಿನಲ್ಲಿ ಒಂದು ಲಕೋಟೆಯ ಮೇಲೆ ನನ್ನ ಹೆಸರೇ ಇತ್ತು. ನಾನೂ ವಾಚನಾಲಯದ ಸದಸ್ಯನಲ್ಲವೇ, ಪಟ್ಟಿಯಲ್ಲಿ ಇರಲೇಬೇಕು ಎಂದುಕೊಂಡೆ. ಅದನ್ನೂ ಬದಲಾಯಿಸಿದೆ. ಒಳಗೆ ನೋಡಲಿಲ್ಲ, ನೋಡಬಾರದಲ್ಲ. ನನಗೆ ನಾನೇ ಶುಭಾಶಯಗಳು ಎಂದು ಒತ್ತಿ, ನಾನೇ ಹೋಗಿ ಡಬ್ಬಿಗೆ ಹಾಕಿ ಬಂದೆ. ನನ್ನ ಹುಟ್ಟಿದ ದಿನ ಅಂಚೆಯವನು ತಂದುಕೊಟ್ಟ. ಅವಳು ಕೆಲಸ ಬಿಟ್ಟು ಬಂದು ಎದುರಿಗೆ ಕುಳಿತಳು. ನಾನು ಲಕೋಟೆ ಹರಿಯುವುದನ್ನೇ ನೋಡುತ್ತಿದ್ದಳು. ನಾನು ತೆರೆದು, ತೋರಿಸಿ, ದೊಡ್ಡ ದನಿಯಲ್ಲಿ ಹೇಳಿದೆ, "ನೋಡು, ಎಷ್ಟು ನೀಟಾಗಿದೆ. ಕೈ ನಡುಗಿದ್ದು ಗೊತ್ತೇ ಆಗಲ್ಲ."

ಅವಳು ಕಾರ್ಡು ತೆಗೆದುಕೊಂಡಳು. ಒಳಗೆ ನೋಡಿದಳು. ತಿರುಗಿಸಿ ಬೆನ್ನ ಮೇಲೆ ಹೆಬ್ಬೆರಳು ಆಡಿಸಿದಳು. ವಾಪಸು ಕೊಟ್ಟು, "ಹೌದು, ಚೆನ್ನಾಗಿದೆ" ಎಂದಳು. ಆ ವಾರವೇ ಅಚ್ಚುಗಳನ್ನೆಲ್ಲ ತೊಳೆದು ಡಬ್ಬಿಗೆ ಹಾಕಿ ಅಂಟು ಅಕ್ಕನ ಮನೆಗೆ ಕಳಿಸಿದಳು. ಕೈ ಸೋತಿತು, ಅದಕ್ಕೇ ಬಿಟ್ಟಳು ಎಂದುಕೊಂಡೆ. ನೀವೂ ಹಾಗೇ ಅಂದುಕೊಂಡು ಈ ಸಭೆ ಕರೆದಿರಿ.

ಸಭಿಕರೇ, ಅವಳು ಕೈಗೆ ಸೋಲಲಿಲ್ಲ. ಸೊಟ್ಟ ಹೂವನ್ನು ಇದು ನನ್ನದು ಎಂದು ಹೆಸರು ಬರೆದು ಕಳಿಸುವ ಧೈರ್ಯ ಅವಳಿಗಿತ್ತು. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಜನ ಪಾಪ ಎಂದಾರು ಎಂದು ಹೆದರಿದೆ. ಪಾಪ ಎಂದವನು ನಾನೊಬ್ಬನೇ. ಎರಡು ತಿಂಗಳು ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ, ಒಂಬತ್ತನೇ ಸೂಚನೆ ಎಂದು ಬರೆದು ನನ್ನ ಕೈಯಲ್ಲೇ ಓದಿಸಿದಳು. ನನಗೆ ತುಂಬ ನಾಚಿಕೆಯಾಗಿದೆ, ಅದಕ್ಕಿಂತ ಹೆಚ್ಚು ದುಃಖವಾಗಿದೆ. ಅವಳಿಗೆ ಮಾತ್ರ ಹೇಳಿ ಮುಗಿಸಬಹುದಿತ್ತು. ಆದರೆ ಮೋಸ ಹೋದವರು ನೀವೂ ಹೌದು.

ಬದಲಾಯಿಸಿದ ಕಾರ್ಡನ್ನು ನಾನು ಎಸೆದಿಲ್ಲ. ಕಾಗದ ಎಸೆದು ಗೊತ್ತಿಲ್ಲ ನನಗೆ. ಯಾರದೆಂದು ಬೆನ್ನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ, ದಾರ ಕಟ್ಟಿ, ಬೀರುವಿನಲ್ಲಿ ಹಳೇ ರಶೀದಿಗಳ ಹಿಂದೆ ಇಟ್ಟಿದ್ದೆ. ಇವತ್ತು ತಂದಿದ್ದೇನೆ. ನಲವತ್ತೊಂದು ಇವೆ. ಬಾಗಿಲ ಬಳಿಯ ಮೇಜಿನ ಮೇಲೆ ಇಡುತ್ತೇನೆ. ಹೋಗುವಾಗ ನಿಮ್ಮ ನಿಮ್ಮದನ್ನು ತೆಗೆದುಕೊಳ್ಳಿ. ಮೂವತ್ತೊಂದು ವರ್ಷದಲ್ಲಿ ಒಬ್ಬರ ಕಾಗದವನ್ನೂ ತಡೆದು ಇಟ್ಟವನಲ್ಲ ನಾನು. ಇವನ್ನು ತಡೆದೆ. ತಡವಾಗಿದ್ದಕ್ಕೆ ಕ್ಷಮಿಸಿ. ಒಳಗೆ ಏನಿದೆಯೋ ನನಗೆ ಗೊತ್ತಿಲ್ಲ, ನಿಮಗೆ ಮಾತ್ರ ಅಂತ ಬರೆದದ್ದು.

ಗುಂಪು ಬಿಡುವುದು, ಉಳಿಯುವುದು ಅವಳಿಗೆ ಸೇರಿದ್ದು. ನಾನು ಈ ವೇದಿಕೆಯಿಂದ ಕೇಳಿ ಅವಳನ್ನು ಸಂಕಟಕ್ಕೆ ಸಿಕ್ಕಿಸುವುದಿಲ್ಲ. ಆ ಮಾತು ಮನೆಗೆ ಹೋದ ಮೇಲೆ, ಅವಳು ನನ್ನ ಜೊತೆ ಮಾತನಾಡಿದರೆ.

ನಲವತ್ತೊಂದರಲ್ಲಿ ನನ್ನದೊಂದನ್ನು ನಾನು ತೆಗೆದುಕೊಂಡಿದ್ದೇನೆ. ಬೆಳಗ್ಗೆ ತೆರೆದೆ. ಮುಂದೆ ಒಂದು ಬಟ್ಟಲು ಇದೆ, ಸೊಟ್ಟಗೆ. ಒಳಗೆ ಬರೆದಿದ್ದಾಳೆ. ಇದು ನನ್ನ ಕಾಗದ, ಓದಲು ನನಗೆ ಹಕ್ಕಿದೆ.

"ರೀ, ಐದು ಸಲ ಒತ್ತಿದೆ, ಐದೂ ಸೊಟ್ಟ ಬಂತು. ಬೇರೆಯವರಿಗಾದರೆ ಆರನೇ ಸಲ ಒತ್ತುತ್ತಿದ್ದೆ. ನಿಮ್ಮ ಹತ್ತಿರ ನನಗೇನು ಸಂಕೋಚ."

ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಅಂಟು ಅಕ್ಕನಿಗೆ, ತಮಗೆಲ್ಲರಿಗೂ ನನ್ನ ಧನ್ಯವಾದಗಳು. ನಮಸ್ಕಾರ.