ಅಳೆದದ್ದು ಹೇಗೆ

ಆಸ್ಟ್ರಿಯಾದ ಲಿಂಜ್ ನಗರದ ಟ್ರಾಮ್ ನಿಲ್ದಾಣದಲ್ಲಿ ಪಕ್ಕ ನಿಂತಿದ್ದ ಇಬ್ಬರು ಸಂಶೋಧಕರ ಮಾತು ಹೆಡ್ವಿಗ್‌ಳ ಕಿವಿಗೆ ಬಿತ್ತು.

"ಎಲ್ಲಾ ಲ್ಯಾಬಿನೋರೂ ಒಂದೇ ಫಾರಂ ನಮೂನೇಲಿ ಬರೀರಿ ಅಂತ ಬಾಯಿ ಬಡ್ಕೊಂಡ್ವಲ್ಲ, ಡೋರ್ಲಿ."

"ಬರೆದ್ರಲ್ಲ ಗೆರ್ನೋಟ್. ಬಣ್ಣಕ್ಕೆ ಹಾಕೋ ಬಿಳಿ ಪುಡಿ, ಕಣದ ಗಾತ್ರ ಇಷ್ಟು ಅಂತ."

"ನಾವು ಒಣಗಿಸಿ ಅಳೆದ್ವಿ, ಕೆಲವರು ನೀರಲ್ಲಿ ಕಲಸಿ ಅಳೆದ್ರು. ನೀರಲ್ಲಿ ಅದು ಗಂಟು ಕಟ್ಟಿ ದಪ್ಪ ಕಾಣುತ್ತೆ."

"ಹೇಗೆ ಅಳೆದ್ರಿ ಅಂತ ಬರೆಯೋಕೆ ಜಾಗ ಇತ್ತಲ್ಲ?"

"ಯಾರೂ ತುಂಬಿಲ್ಲ. ಎಲ್ರಿಗೂ ಗೊತ್ತಿರೋದೇ ಅಂದ್ಕೊಂಡ್ರು."

"ಹಾಗಾದ್ರೆ ಅದು ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯೋಷ್ಟು ಸಣ್ಣದೋ ಅಲ್ವೋ?"

"ಈ ಅಂಕಿ ಇಟ್ಕೊಂಡು ಹೇಳೋಕಾಗಲ್ಲ ಮಾರಾಯ್ತಿ."

"ವರದೀಲಿ ಏನ್ ಬರೀತೀಯ?"

"ಹೊಸ ನಮೂನೆ ಬೇಕು ಅಂತ."

ಟ್ರಾಮ್ ಬಂತು, ಇಬ್ಬರೂ ಹತ್ತಿ ಹೋದರು. ಬಣ್ಣದ ಕಾರ್ಖಾನೆಯ ಕಡೆಗೆ ಹೋಗುವ ಟ್ರಾಮಿಗಾಗಿ ಹೆಡ್ವಿಗ್ ಅಲ್ಲೇ ಕಾದಳು. ಆ ಬಿಳಿ ಪುಡಿಯನ್ನು ಚೀಲಕ್ಕೆ ತುಂಬುವುದು ಅವಳ ಕೆಲಸ.