ಕಪ್ಪಕ್ಷರ ನಂದು, ನೀಲಿ ಅಕ್ಷರ ಅವ್ರದ್ದು

...ಅಯ್ಯೋ, ಯಾಕೆ ನಗ್ತೀರಿ ಸಾರ್? ಟೈಲರ್ ಹೆಂಗಸು ಕಂಪ್ಯೂಟರ್ ವಿಷಯ ಮಾತಾಡಬಾರ್ದಾ? ನನ್ನ ಮಗನ ವಯಸ್ಸಿನ ಮೇಷ್ಟ್ರು ನೀವು, ಈ ಸಂಜೆ ಕಾಲೇಜಿಗೆ ಸೇರಿಸ್ಕೊಂಡಿದ್ದೂ ನೀವೇ. ಈಗ ಪೂರ್ತಿ ಕೇಳ್ಲೇಬೇಕು!

ವಿದ್ಯಾರ್ಥಿಗಳಿಗೆ ಆನ್‌ಲೈನಲ್ಲಿ ಬರೆಯೋಕೆ, ಲೆಕ್ಕ ಹಾಕೋಕೆ ಯಾವ ಆ್ಯಪ್ ಒಳ್ಳೇದು... ಅದೇ ತಾನೇ ನೀವು ಕೊಟ್ಟ ಪ್ರಾಜೆಕ್ಟು? ಇಬ್ಬಿಬ್ಬರು ಸೇರಿ ಮಾಡಿ, ಅರ್ಧರ್ಧ ಬರೀರಿ, ಬರೀದೇ ಇದ್ದೋರು ಫೇಲು ಅಂದ್ರಿ. ಸರಿ. ನಾನು, ನಮ್ಮ ಕ್ಲಾಸಿನ ಬಸ್ ಡ್ರೈವರಣ್ಣ, ಇಬ್ರೂ ಎರಡು ಕಂಪನಿಯ ಆ್ಯಪ್ ಜಾಲಾಡಿದ್ವಿ. ಕಪ್ಪಕ್ಷರ ನಂದು, ನೀಲಿ ಅಕ್ಷರ ಅವ್ರದ್ದು. ನೋಡಿ, ಎಷ್ಟು ಚೊಕ್ಕ!

ಮೊದಲನೇದಿದೆಯಲ್ಲ, ನೋಡೋಕೆ ಭಾರೀ ಚಂದ. ಪ್ರಿಂಟ್ ತೆಗೆದ್ರೆ ಒಂದು ಸಾಲೂ ಆಚೀಚೆ ಹೋಗಲ್ಲ. ಅದರ ಶೀಟಲ್ಲಿ ಗ್ರಾಫು ಬೇಕಾದ್ರೆ ಹತ್ತು ಥರ. ಆದ್ರೆ ನನ್ನ ಫೋನಲ್ಲಿ ತೆರೆದ್ರೆ... ಸುತ್ತುತ್ತೆ, ಸುತ್ತುತ್ತೆ, ಅಷ್ಟರಲ್ಲಿ ನಾನೊಂದು ಕಾಲರ್ ಹೊಲಿದು ಮುಗಿಸ್ತೀನಿ! ನಗಿ, ನಗಿ. ಎರಡನೇದು ಸಾದಾ, ಈ ಪ್ರಾಜೆಕ್ಟ್ ಬರೆದಿರೋದೂ ಅದ್ರಲ್ಲೇ. ಫೋನಲ್ಲಿ ಥಟ್ಟನೆ ತೆರೆಯುತ್ತೆ. ಗಿರಾಕಿಗಳ ಅಳತೆ ಶೀಟಿಗೆ ಹಾಕಿದ್ರೆ ಎಷ್ಟು ಮೀಟರ್ ಬಟ್ಟೆ ಅಂತ ಅದೇ ಕೂಡಿಸಿ ಹೇಳುತ್ತೆ. ಇಬ್ರೂ ಒಟ್ಟಿಗೇ ಬರೀಬಹುದು, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಓದೋ ಬಡಪಾಯಿಗಳಿಗೆ ಇದೇ ಸರಿ ಅಂತ ನಮ್ಮ ತೀರ್ಮಾನ. ಇಬ್ಬರದ್ದೂ!

ಇನ್ನೊಂದು ಮಜಾ ಏನ್ ಗೊತ್ತಾ? ಯಾರು, ಯಾವಾಗ, ಏನು ಬರೆದ್ರು... ಎಲ್ಲಾ ಇಟ್ಕೊಂಡಿರುತ್ತೆ. ಹೊಲಿಗೆ ಬಿಚ್ಚಿದ್ರೂ ಸೂಜಿ ತೂತು ಉಳಿಯುತ್ತಲ್ಲ, ಹಾಗೆ. ಕಳ್ಳಾಟ ನಡೆಯಲ್ಲ ಅಂತ ಮೂರನೇ ಪುಟದಲ್ಲಿ ನಾನೇ...

ಏನ್ ಒತ್ತಿದ್ರಿ ಸಾರ್? ಬಲಗಡೆ ಅದೇನು ಪಟ್ಟಿ ಬಂತು?

ನೀಲಿ ಸಾಲಿನ ಮೇಲೆ ಯಾಕೆ ಒತ್ತುತಿದೀರಿ?

ನೀಲಿ ಸಾಲಿಗೂ ನನ್ನ ಹೆಸರೇ ತೋರಿಸ್ತಿದೆಯಾ? ಅಯ್ಯೋ ದೇವ್ರೇ! ಬಣ್ಣ ಬದಲಾಯಿಸಿದ್ರೆ ಇನ್ನೊಬ್ರು ಬರೆದ್ರು ಅಂತ ತಿಳ್ಕೊಳ್ಳುತ್ತೆ ಅಂದ್ಕೊಂಡಿದ್ನಲ್ಲ...

ಬೈಯೋದಾದ್ರೆ ಬೈದ್ಬಿಡಿ ಸಾರ್. ಹೂಂ, ಎಲ್ಲಾ ನಾನೇ ಬರೆದೆ. ಡ್ರೈವರಣ್ಣನ ಹೆಂಡತಿ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ರು. ಅಣ್ಣಂಗೂ ಬೆನ್ನು ಹೋಗಿದೆ, ಇನ್ನು ಬಸ್ ಓಡಿಸೋಕಾಗಲ್ಲ. ಈ ಸರ್ಟಿಫಿಕೇಟ್ ಸಿಕ್ಕಿದ್ರೆ ಡಿಪೋ ಆಫೀಸಲ್ಲಿ ಕುರ್ಚಿ ಕೆಲಸ, ಇಲ್ದಿದ್ರೆ ಮನೆಗೆ. ಪಾಠ ಎಲ್ಲಾ ಗೊತ್ತು ಸಾರ್ ಅವ್ರಿಗೆ, ಆಸ್ಪತ್ರೆ ಬೆಂಚಲ್ಲಿ ಕೂತು ಕಲಿತಿದ್ದಾರೆ. ಕೂತು ಬರೆಯೋಕೆ ಮಾತ್ರ ಪುರುಸೊತ್ತು ಸಿಗ್ಲಿಲ್ಲ. ನಂಬಿಕೆ ಇಲ್ವಾ? ಹೊರಗೇ ಇದ್ದಾರೆ, ಕೇಳಿ ನೋಡಿ. ಫೇಲ್ ಮಾಡ್ಲೇಬೇಕಂದ್ರೆ ನನ್ನ ಮಾಡಿ. ನನ್ನ ಕತ್ತರಿ ಸರ್ಟಿಫಿಕೇಟ್ ಕೇಳಲ್ಲ.

...ಇದೇನು, ಎದ್ದುಬಿಟ್ರಿ? ಆ ಕುರ್ಚಿ ಯಾರಿಗೆ ಎಳೀತಿದೀರಿ? ಅದಲ್ಲ ಸಾರ್, ಬೆನ್ನಿಗೆ ಆಸರೆ ಇರೋದು ಹಾಕಿ...

ಡ್ರೈವರಣ್ಣಾ! ಬೇಗ ಒಳಗೆ ಬನ್ನಿ! ಮೇಷ್ಟ್ರು ಹೊಸ ಹಾಳೆ ತೆರೆದಿದ್ದಾರೆ... ನಿಮ್ಮ ಹೆಸರಲ್ಲಿ!