ಸಾಂಬ್ರಾಣಿ ಧೂಪ

ಜಯನಗರದ ಶ್ವಾಸಕೋಶ ತಜ್ಞರ ಕ್ಲಿನಿಕ್ಕಿನಲ್ಲಿ ನನ್ನೆದುರು ಅತ್ತೆ, ಸೊಸೆ ಕೂತಿದ್ದರು; ಒಮ್ಮೆ ಡಾಕ್ಟರನ್ನು ಕಂಡು, ಪರೀಕ್ಷೆ ಮಾಡಿಸಿ, ಮತ್ತೆ ಕರೆಯುವುದನ್ನು ಕಾಯುತ್ತಿದ್ದರು. ಅತ್ತೆ ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು.

“ಬೀಡಿ ಸೇದ್ತಿದ್ರಾ ಅಂತ ನನ್ನ ಕೇಳ್ತಾರಲ್ಲೇ.”

“ಎಲ್ಲರನ್ನೂ ಕೇಳ್ತಾರೆ ಅತ್ತೆ. ಹೊಗೆಯಲ್ಲಿ ಕೆಲಸ ಮಾಡಿದ್ರಾ ಅಂತಾನೂ ಕೇಳಿದ್ರು. ಇಲ್ಲ ಅಂದ್ಬಿಟ್ರಿ.”

“ಎಲ್ಲಿ ಮಾಡಿದ್ದೀನಿ?”

“ತಿಲಕ್ ನಗರದ ಕೂಸುಗಳಿಗೆಲ್ಲ ನೀರು ಹಾಕಿದೋರು ನೀವು. ದಿನಾ ಕೆಂಡಕ್ಕೆ ಸಾಂಬ್ರಾಣಿ ಹಾಕ್ತಿರ್ಲಿಲ್ವಾ?”

“ಅದು ಧೂಪ ಕಣೆ. ಅದನ್ನ ಹೊಗೆ ಅಂತಾರಾ?”

“ಕಿಟಕಿ ಬಾಗಿಲು ಎಲ್ಲಾ ಮುಚ್ಚಿರ್ತಿತ್ತು.”

“ತೆಗೆದ್ರೆ ಮಗೂಗೆ ಶೀತ ಆಗಲ್ವಾ.”

“ವರ್ಷಗಟ್ಟಲೆ ಒಳಗೆ ಹೋಗಿದ್ದು ಈಗ ತೋರಿಸ್ತಿದೆ ಅಂದ್ರಲ್ಲ ಡಾಕ್ಟ್ರು, ಇದೇ ಇರ್ಬೇಕು.”

ಅತ್ತೆ ಸೊಸೆಯ ಕಡೆ ತಿರುಗಿದರು.

“ನಂದು ಬಿಡು. ನಿನ್ನ ಮಗಳಿಗೂ ನಾನೇ ತಾನೇ ನೀರು ಹಾಕಿದ್ದು.”

“ಅವಳ ವೀಸಿಂಗ್ ಅದ್ರಿಂದ್ಲೇ ಅಂತ ಯಾರೂ ಹೇಳಿಲ್ಲ ಅತ್ತೆ.”

“ಅಲ್ಲ ಅಂತಾನೂ ಹೇಳಿಲ್ಲ.”

ನರ್ಸ್ “ಪುಟ್ಟಗೌರಮ್ಮ” ಎಂದು ಕರೆದರು. ಸೊಸೆ ಅತ್ತೆಯ ತೋಳು ಹಿಡಿದು ಎಬ್ಬಿಸಿದಳು. ಡಾಕ್ಟರ ಕೋಣೆಯ ಬಾಗಿಲ ಹತ್ತಿರ ಅತ್ತೆ ನಿಂತರು.

“ಕೆಮ್ಮೋಳು ಕಣೆ ಅವಳು. ಕಫ ಬಿಡ್ತಿದೆ ಅಂತ ನಾನು ಇನ್ನೊಂದು ಚಿಟಿಕೆ ಹಾಕ್ತಿದ್ದೆ.”

ಸೊಸೆ ಬಾಗಿಲು ತಳ್ಳಿದಳು.